ಅಭಿನಂದನ ಗ್ರಂಥಕ್ಕೆ ಬಂದ ಹನ್ನೆರಡನೆಯ ಲೇಖನ

ವಿರುಪಾಕ್ಷಪ್ಪನವರಿಗೆ ಇನ್ನು ಹೆಚ್ಚೆಂದರೆ ನಾಲ್ಕು ತಿಂಗಳು ಎಂದು ಡಾಕ್ಟರು ಹೇಳಿದ ವಾರವೇ ಅವರ ಹೆಂಡತಿ ಶಿವಲೀಲಾ ಅಭಿನಂದನ ಗ್ರಂಥದ ಕೆಲಸಕ್ಕೆ ಕೂತಳು. ಮೂವತ್ತೊಂದು ವರ್ಷ ಅಮೆರಿಕದ ಹುಡುಗರಿಗೆ ಅಮೆರಿಕದ್ದೇ ರಾಜಕೀಯ ಚರಿತ್ರೆ ಕಲಿಸಿದ ಗದಗಿನ ಮನುಷ್ಯ ಒಂದು ಶಾಲೂ ಹೊದಿಸಿಕೊಳ್ಳದೆ ಹೋಗಬೇಕೇ? ಅವಳ ತಂದೆ ಬರೀ ಹೈಸ್ಕೂಲು ಹೆಡ್‌ಮಾಸ್ತರರು. ಅವರಿಗೇ ಅಂಗೈ ದಪ್ಪದ ಗ್ರಂಥ ಬಂದಿತ್ತು, ಸ್ವಾಮಿಗಳ ಆಶೀರ್ವಚನ ಸಮೇತ.

ವಿರುಪಾಕ್ಷಪ್ಪನವರು ಬರೆದದ್ದು ಮೂರು ಪುಸ್ತಕ. ಕೊನೆಯ ಎರಡನ್ನು ಮೂಸಿ ನೋಡಿದವರೂ ಕಡಿಮೆ. ಮೊದಲನೆಯದು ಮಾತ್ರ ಒಂದು ಕಾಲಕ್ಕೆ ಹೆಸರು ಮಾಡಿತ್ತು. ನೂರು ವರ್ಷದ ಹಿಂದೆ ಅಮೆರಿಕದ ಪಶ್ಚಿಮ ತೀರದ ಹಣ್ಣಿನ ತೋಟದೂರುಗಳ ಜನ ಓಟು ಹಾಕುತ್ತಿದ್ದದ್ದು ಜೇಬು ನೋಡಿ ಅಲ್ಲ, ತಾವು ಹೋಗುವ ಚರ್ಚು ನೋಡಿ ಎಂದು ಅದರಲ್ಲಿ ವಾದಿಸಿದ್ದರು. ಎಪ್ಪತ್ತರ ದಶಕದಲ್ಲಿ ಆ ವಿಷಯದ ಮೇಲೆ ಯಾರು ಬರೆದರೂ ಅಡಿಟಿಪ್ಪಣಿಯಲ್ಲಿ ಅವರ ಹೆಸರಿರುತ್ತಿತ್ತು. ಬರಬರುತ್ತ ಅದೂ ನಿಂತಿತು.

ಅವರ ಊರಾದ ಫ್ರೀಮಾಂಟಿನಲ್ಲೇ ಇದ್ದ ಪರಿಚಯದ ಹುಡುಗ ರಮೇಶ್, ಡಾಟ್‌ಕಾಮ್ ಕಂಪನಿಯವ, "ಆಂಟಿ, ನೀವು ಆರ್ಟಿಕಲ್ಸ್ ತರಿಸಿ, ಪ್ರಿಂಟಿಂಗು ನನಗೆ ಬಿಡಿ. ಬೇಕಾದ್ರೆ ವೆಬ್‌ಸೈಟೂ ಮಾಡ್ತೀನಿ" ಎಂದ. ಆ ವರ್ಷ ಯಾರನ್ನು ಮಾತಾಡಿಸಿದರೂ ವೆಬ್‌ಸೈಟಿನದೇ ಜಪ. ಶಿವಲೀಲಾ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಗದ ಬರೆದಳು. ಹನ್ನೊಂದು ಲೇಖನ ಬಂದವು. ಗುರುಗಳ ಪ್ರೀತಿ, ಗುರುಗಳ ಶಿಸ್ತು, ಗುರುಗಳ ಮನೆಯ ಜೋಳದ ರೊಟ್ಟಿ.

ಹನ್ನೆರಡನೆಯದು ಮಾರ್ಗನ್ ಹಿಲ್ ಊರಿನಿಂದ ಕ್ಯಾರಲ್ ಕಳಿಸಿದ್ದು. ಒಂದು ಕಾಲದಲ್ಲಿ ಅವರ ಅಚ್ಚುಮೆಚ್ಚಿನ ಶಿಷ್ಯೆ. ಆ ರೊಟ್ಟಿಯನ್ನು ಎಲ್ಲರಿಗಿಂತ ಹೆಚ್ಚು ತಿಂದವಳು. ನಲವತ್ತು ಪುಟ, ಪುಟದ ತುಂಬ ಕೋಷ್ಟಕಗಳು. ಎರಡನೆಯ ಪುಟದಲ್ಲೇ, ಪ್ರೊಫೆಸರರ ಮೊದಲ ಪುಸ್ತಕದ ತೀರ್ಮಾನ ನಿಲ್ಲುವುದಿಲ್ಲ ಎಂದು ಬರೆದಿದ್ದಳು. ಶಿವಲೀಲಾಗೆ ಮೈಯೆಲ್ಲ ಉರಿದುಹೋಯಿತು. ಸನ್ಮಾನಕ್ಕೆ ಕರೆದರೆ ಯಾರಾದರೂ ತಪ್ಪು ಹಿಡಿದುಕೊಂಡು ಬರುತ್ತಾರೆಯೇ? ಮುಂದೆ ಒಂದಕ್ಷರ ಓದಲಿಲ್ಲ. ಈ ಗ್ರಂಥದಲ್ಲಿ ಇದಕ್ಕೆ ಜಾಗವಿಲ್ಲ ಎಂದು ಎರಡು ಸಾಲು ಗೀಚಿ ಹಿಂದಕ್ಕೆ ಕಳಿಸಿದಳು.

ಗ್ರಂಥ ತಯಾರಾಗುತ್ತಿರುವುದು ವಿರುಪಾಕ್ಷಪ್ಪನವರಿಗೆ ಗೊತ್ತಿತ್ತು. ದಿನಾ ಟಪಾಲು ಬಂದಾಗ ಮಂಚದಿಂದಲೇ ಕೇಳುತ್ತಿದ್ದರು.

"ಕ್ಯಾರಲ್‌ದು ಏನರ ಬಂತೇನು?"

"ಇಲ್ಲರಿ."

"ಬರೀತಾಳ, ತಡಿ."

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹಾಲಿನಲ್ಲಿ ಮಂಚದ ಸುತ್ತ ಕುರ್ಚಿ ಹಾಕಿ ಗ್ರಂಥ ಬಿಡುಗಡೆ ಮಾಡಿದರು. ರಮೇಶ್ ಶಾಲು ಹೊದಿಸಿದ. ಪೇಟ ದೊಡ್ಡದಾಗಿ ಕಿವಿಯ ಮೇಲೆ ಇಳಿಯಿತು. ಬಂದವರು ಹೋದ ಮೇಲೆ ವಿರುಪಾಕ್ಷಪ್ಪನವರು ಪರಿವಿಡಿಯ ಮೇಲೆ ಬೆರಳಿಟ್ಟು ಕೊನೆಯವರೆಗೆ ಇಳಿದರು. ಮತ್ತೆ ಮೇಲಿಂದ ಶುರು ಮಾಡಿದರು.

"ಎಲ್ಲಾರೂ ಹೊಗಳ್ಯಾರ," ಎಂದರು. "ಯಾರೂ ಓದಿಲ್ಲ."

"ಹಂಗ್ಯಾಕಂತೀರಿ?"

"ಆ ಪುಸ್ತಕದಾಗ ಎಲ್ಲೋ ಒಂದು ತಪ್ಪು ಐತಿ. ನನಗ ಸಿಗವಲ್ದು, ನೀ ಹುಡುಕು ಅಂತ ಕ್ಯಾರಲ್‌ಗೆ ಹೇಳಿದ್ದೆ. ಇಪ್ಪತ್ತು ವರ್ಷ ಆತು. ಅಕಿನೂ ಮರತಾಳ."

ಶಿವಲೀಲಾ ಗಂಡನ ಕೈಯಿಂದ ಗ್ರಂಥ ತೆಗೆದು ಪಕ್ಕಕ್ಕಿಟ್ಟಳು. ಮುಚ್ಚಿಡಬಹುದಿತ್ತು, ಆಗಲಿಲ್ಲ. ಲೇಖನ ಬಂದದ್ದು, ತಾನು ಹಿಂದಕ್ಕೆ ಕಳಿಸಿದ್ದು, ಎಲ್ಲವನ್ನೂ ಹೇಳಿಬಿಟ್ಟಳು. ಅವರು ಸಿಟ್ಟಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಮುಖಕ್ಕೆ ಕಳೆ ಬಂತು.

"ಸಿಕ್ಕಿತಂತ? ಎಲ್ಲಿ ತಪ್ಪೀನಂತ ಬರದಾಳ?"

ಅವಳು ಎರಡನೆಯ ಪುಟ ದಾಟಿರಲಿಲ್ಲ. ಗಂಡನಿಗೆ ಆದ ಅವಮಾನವೊಂದನ್ನೇ ಓದಿ ಉಳಿದದ್ದನ್ನು ಮುಚ್ಚಿದ್ದಳು. ಮೂವತ್ತೊಂದು ವರ್ಷ ಜೊತೆಗಿದ್ದ ತಾನೂ ಓದದವರ ಸಾಲಿನಲ್ಲೇ ನಿಂತೆನಲ್ಲ ಎಂದುಕೊಂಡಳು. ಕ್ಯಾರಲ್‌ಗೆ ಫೋನು ಮಾಡಿದರೆ ಆನ್ಸರಿಂಗ್ ಮಷೀನು ಮಾತಾಡಿತು. ಬೇಗ ಬಾ, ಅದನ್ನು ತೆಗೆದುಕೊಂಡು ಬಾ ಎಂದು ಅದಕ್ಕೇ ಹೇಳಿದಳು.

ಬೇರೆ ಊರಿಗೆ ಹೋಗಿದ್ದ ಕ್ಯಾರಲ್ ವಾಪಸಾಗಿ, ಸಂದೇಶ ಕೇಳಿ ಓಡಿ ಬಂದದ್ದು ಮಂಗಳವಾರ ಮಧ್ಯಾಹ್ನ. ಸೋಮವಾರವೇ ವಿರುಪಾಕ್ಷಪ್ಪನವರಿಗೆ ಎಚ್ಚರ ತಪ್ಪಿತ್ತು. ಬರೀ ಉಸಿರು ನಡೆದಿತ್ತು. ಕ್ಯಾರಲ್ ಲಕೋಟೆ ಹಿಡಿದು ಅಳುತ್ತ, ಇನ್ನು ಇದರಿಂದ ಏನು ಪ್ರಯೋಜನ ಎಂದಳು. ಶಿವಲೀಲಾ ಕುರ್ಚಿ ಎಳೆದು ಕೊಟ್ಟು, ಓದು, ಕೋಷ್ಟಕಗಳನ್ನೂ ಬಿಡಬೇಡ ಎಂದಳು.

ಹದಿನೇಳನೆಯ ಪುಟದಲ್ಲಿ ತಪ್ಪು ಸಿಕ್ಕಿತು. ವಿರುಪಾಕ್ಷಪ್ಪನವರು ಚರ್ಚಿನ ದಾಖಲೆಗಳಲ್ಲಿ ಹೆಸರಿದ್ದವರನ್ನಷ್ಟೇ ಎಣಿಸಿದ್ದರು. ಹಣ್ಣಿನ ತೋಟಗಳಲ್ಲಿ ದುಡಿಯುತ್ತಿದ್ದ, ಯಾವ ಚರ್ಚಿಗೂ ಸೇರದ ಕೂಲಿಗಳ ಓಟು ಬಿಟ್ಟೇಹೋಗಿತ್ತು. ಅವರನ್ನೂ ಸೇರಿಸಿ ಎಣಿಸಿದರೆ ಜನ ಜೇಬು ನೋಡಿಯೇ ಓಟು ಹಾಕಿದ್ದರು.

ಶಿವಲೀಲಾ ಕೈ ಮಾಡಿ ಕ್ಯಾರಲ್‌ಳನ್ನು ನಿಲ್ಲಿಸಿ ಗಂಡನ ಕಿವಿಯ ಹತ್ತಿರ ಬಾಗಿದಳು.

"ರೀ, ತಪ್ಪು ಸಿಕ್ಕೈತಿ. ಚರ್ಚಿಗೆ ಹೋಗದ ಕೂಲಿಯವ್ರನ್ನ ನೀವು ಎಣಿಸಿಲ್ಲಂತ."

ಅವರು ಕಣ್ಣು ಬಿಡಲಿಲ್ಲ. ಇನ್ನಷ್ಟು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಅದನ್ನೇ ಮತ್ತೊಮ್ಮೆ ಹೇಳಿದಳು. ಅವರಿಗೆ ಕೇಳಿಸಿತೋ ಇಲ್ಲವೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.