ಬಿಸಿಲು ತಾಗದ ಜಾಗ

“ಭುಜದ ಎಲುಬಿನ ಮೇಲೆ ಮತ್ತೆ ಬಿಳಿ ಉಳ್ಕೊಂಡಿದೆ, ಮೇಷ್ಟ್ರೇ. ಹೆಣದ ಥರ ಅಲ್ಲಾಡದೆ ಮಲಗಿದ್ರೆ ಇನ್ನೇನಾಗುತ್ತೆ?”

ಹಾಲ್ವರ್ ಟವೆಲ್ಲನ್ನು ಸೊಂಟಕ್ಕೆ ಬಿಗಿಯಾಗಿ ಹಿಡಿದುಕೊಂಡು, ಪರದೆಯ ಸಂದಿಯಿಂದ ಬೆನ್ನನ್ನಷ್ಟೇ ಹೊರಗೆ ಕೊಟ್ಟು ನಿಂತಿದ್ದ. ನಲವತ್ತೊಂಬತ್ತು ವರ್ಷದ ಬೆನ್ನು. ಅದು ಹೇಗಿದೆ ಎಂದು ಹೇಳುವವರು ಈಗ ಅವನ ಮನೆಯಲ್ಲಿ ಯಾರೂ ಇರಲಿಲ್ಲ.

ದೀಪದ ಶಾಖಕ್ಕೆ ಮಲಗಿ ಮೈ ಕಂದಿಸಿಕೊಳ್ಳುವ ಆ ಸೋಲಾರಿಯಂ ನೋಡಿಕೊಳ್ಳುವ ಗುನ್ವೋರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡಿದಳು. ಎಲುಬು ಗಾಜಿಗೆ ಒತ್ತಿದ ಕಡೆ ರಕ್ತ ಓಡುವುದಿಲ್ಲ, ರಕ್ತ ಓಡದ ಕಡೆ ಬಣ್ಣ ಬರುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಮೂರು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು, ಕೈ ತಲೆಯ ಮೇಲೆ ಹೋಗಬೇಕು, ಗದ್ದ ಮೇಲೆತ್ತಬೇಕು. ಹಾಲ್ವರ್ ಎಲ್ಲಕ್ಕೂ ತಲೆಯಾಡಿಸಿದ್ದ. ಮಲಗಿದ ಮೇಲೆ ಮಾತ್ರ ಮೈ ಅಲ್ಲಾಡಿಸಲು ಮನಸ್ಸು ಬರುತ್ತಿರಲಿಲ್ಲ. ಆ ಹನ್ನೆರಡು ನಿಮಿಷ ಬೆಚ್ಚಗಿರುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

“ಆ ದುಬಾರಿ ಲೋಶನ್ ಹಚ್ಚಿದ್ರೆ ಸರಿಹೋಗ್ತಿತ್ತೇನೋ,” ಎಂದ.

“ಮಾರೋಳು ನಾನು, ನಂಗೊತ್ತು. ಅದ್ರಲ್ಲಿರೋದು ಬಾಟ್ಲಿ ಬಣ್ಣ, ನಿಮ್ದಲ್ಲ. ದಿಂಬಿಗೆ ಹತ್ತುತ್ತೆ, ಮೊಣಕೈ ಹತ್ರ ಪಟ್ಟೆ ಬೀಳುತ್ತೆ.”

ಲೋಶನ್ ಮಾಡುವುದು ಇಷ್ಟೇ ಎಂದು ಅವಳು ಮತ್ತೆ ವಿವರಿಸಿದಳು. ಒಣಗಿದ ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಅಲ್ಲಲ್ಲಿ ಉದುರುತ್ತದೆ, ಬಣ್ಣವೂ ಜೊತೆಗೆ ಹೋಗುತ್ತದೆ. ಜಿಡ್ಡು ಇದ್ದರೆ ನಿಲ್ಲುತ್ತದೆ. ಅದಕ್ಕೆ ಮಕ್ಕಳಿಗೆ ಹಚ್ಚುವ ಸಾದಾ ಕ್ರೀಮು ಸಾಕು. ಸ್ನಾನದಲ್ಲಿ ಒರಟು ಬಟ್ಟೆಯಿಂದ ಉಜ್ಜಿ, ರಾತ್ರಿ ಕ್ರೀಮು ಹಚ್ಚಿ ಮಲಗುವುದು. ಅವನು ವಾರವಿಡೀ ಹಾಗೆಯೇ ಮಾಡಿದ್ದ. ಇದು ನಾಲ್ಕನೆಯ ಸಲ. ಗುರುವಾರ ಶುಕ್ರವಾರ ಹಬ್ಬದ ರಜೆ. ಇವತ್ತು ಈಸ್ಟರ್ ಶನಿವಾರ, ನಾಲ್ಕು ಗಂಟೆಗೆ ಊರೇ ಬಾಗಿಲು ಹಾಕುತ್ತದೆ.

“ಹಬ್ಬಕ್ಕೆ ಮುಖ ಬೇಕು, ಸರಿ,” ಎಂದಳು ಗುನ್ವೋರ್. “ಬೆನ್ನು ಯಾಕೆ?”

ಹಾಲ್ವರ್ ಪರದೆ ಎಳೆದುಕೊಂಡ.

ಬೆನ್ನು ಯಾಕೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲಸ ಮಾಡಿದರೆ ಪೂರ್ತಿ ಮಾಡಬೇಕು. ಅರೆಬರೆ ಬಣ್ಣವೇ ಸುಳ್ಳನ್ನು ಹಿಡಿದುಕೊಡುತ್ತದೆ ಎಂದು ಅವನು ನಂಬಿದ್ದ. ಭೂಗೋಳ ಕಲಿಸುವ ಮನುಷ್ಯ. ಸೂರ್ಯ ಯಾವ ತಿಂಗಳು ಎಷ್ಟು ಎತ್ತರಕ್ಕೆ ಬರುತ್ತಾನೆಂದು ಇಪ್ಪತ್ತು ವರ್ಷದಿಂದ ಹಲಗೆಯ ಮೇಲೆ ಬರೆದು ತೋರಿಸಿದ್ದಾನೆ.

ಹೆಂಡತಿ ಮಾರಿತ್ ಫೋನ್ ಮಾಡಿದ್ದು ಮೂರು ವಾರದ ಹಿಂದೆ. ಅವರಿಬ್ಬರೂ ಬೇರೆಯಾಗಿ ಆಗ ಐದು ತಿಂಗಳು. ಅಪ್ಪನಿಗೆ ಇನ್ನೂ ಹೇಳಿಲ್ಲ ಎಂದಳು. ಎದೆಯ ಶಸ್ತ್ರಚಿಕಿತ್ಸೆಯಾಗಿ ಆರೈಕೆ ಮನೆಯಲ್ಲಿದ್ದಾರೆ, ಮೇ ತಿಂಗಳಲ್ಲಿ ಮನೆಗೆ ಬರಲಿ, ಆಮೇಲೆ ಹೇಳೋಣ. ಈಸ್ಟರಿಗೆ ನಾವೆಲ್ಲ ಬೆಟ್ಟದ ಮನೆಗೆ ಹೋಗ್ತೀವಿ ಅಂತ ಅವರ ನಂಬಿಕೆ. ಶನಿವಾರ ಮಧ್ಯಾಹ್ನ ಆರೈಕೆ ಮನೆಯಲ್ಲೇ ಕುರಿಮಾಂಸದ ಊಟ. ನಾನೂ ತಿರಿಲೂ ಬೆಟ್ಟದಿಂದ ಇಳಿದು ಬರ್ತೀವಿ. ನೀನೂ ಬಾ. ಸ್ವಲ್ಪ ಹುಷಾರಾಗಿ ಬಾ, ಎಂದಳು.

ಹುಷಾರು ಎಂದರೆ ಏನೆಂದು ಅವಳು ಬಿಡಿಸಿ ಹೇಳಬೇಕಿರಲಿಲ್ಲ. ಈಸ್ಟರಿನಲ್ಲಿ ಬೆಟ್ಟದ ಹಿಮದ ಬಿಸಿಲಲ್ಲಿ ಒಂದು ವಾರ ಇದ್ದವನ ಮುಖ ಕಂದಿ ಬರುತ್ತದೆ. ಊರಲ್ಲಿ ಉಳಿದವನದು ಬೆಂದ ಆಲೂಗಡ್ಡೆಯಂತೆ ಇರುತ್ತದೆ. ರಜೆ ಮುಗಿದ ಮಂಗಳವಾರ ಶಿಕ್ಷಕರ ಕೋಣೆಗೆ ಕಾಲಿಟ್ಟರೆ ಸಾಕು, ಯಾರು ಎಲ್ಲಿದ್ದರೆಂದು ಮುಖಗಳೇ ಹೇಳುತ್ತವೆ.

ಮಾವನಿಗೆ ಹೇಳಬಾರದು ಎಂಬುದಕ್ಕೆ ಮಾರಿತಳ ಕಾರಣ ಒಂದು. ಹಾಲ್ವರನಿಗೆ ಇನ್ನೊಂದಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಮುದುಕ ನಂಬಿರುವವರೆಗೂ ತಾನು ಎಲ್ಲೋ ಒಂದು ಕಡೆ ಇನ್ನೂ ಅಳಿಯ.

*

ಆರೈಕೆ ಮನೆಯ ಮೊಗಸಾಲೆಯಲ್ಲಿ ಹಳದಿ ಕಾಗದದ ಕೋಳಿಮರಿಗಳನ್ನು ತೂಗುಹಾಕಿದ್ದರು. ಮಾರಿತ್ ಮತ್ತು ತಿರಿಲ್ ಆಗಲೇ ಬಂದಿದ್ದರು. ಇಬ್ಬರ ಕೋಟಿನಿಂದಲೂ ಸೌದೆಯ ಹೊಗೆಯ ವಾಸನೆ ಬರುತ್ತಿತ್ತು.

ಮಾರಿತ್ ಅವನ ಮುಖವನ್ನು, ಅಂಗಡಿಯಲ್ಲಿ ಬಟ್ಟೆ ನೋಡುವಂತೆ ಬೆಳಕಿಗೆ ತಿರುಗಿಸಿ ನೋಡಿದಳು. “ಚೆನ್ನಾಗಿ ಬಂದಿದೆ,” ಎಂದಳು.

“ಒಲೆಯಿಂದ ಈಗ ತೆಗೆದ ಬನ್ ಥರ ಇದೀಯಪ್ಪ,” ಎಂದಳು ಹತ್ತೊಂಬತ್ತರ ಮಗಳು ತಿರಿಲ್. “ಎಲ್ಲಾ ಕಡೆ ಒಂದೇ ಬಣ್ಣ.”

ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಮಾರಿತ್ ತಗ್ಗಿದ ದನಿಯಲ್ಲಿ ಪಾಠ ಹೇಳಿಕೊಟ್ಟಳು. ಬೆಟ್ಟದ ಮನೆಯ ಸೂರಿನ ಮೇಲೆ ದಕ್ಷಿಣದ ಮಾಡಿನ ಹಿಮ ಕರಗಿದೆ, ಉತ್ತರದ್ದು ಹಾಗೇ ಇದೆ. ಸೌದೆಕೊಟ್ಟಿಗೆಯ ಚಿಲಕ ಕಿತ್ತಿತ್ತು, ತಿರಿಲ್ ತಂತಿ ಕಟ್ಟಿದ್ದಾಳೆ. ಗುರುವಾರ ಗಾಳಿ, ಶುಕ್ರವಾರ ಒಳ್ಳೆ ಬಿಸಿಲು. ಹಾಲ್ವರ್ ಪರೀಕ್ಷೆಗೆ ಹೋಗುವ ಹುಡುಗನಂತೆ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ. ಮಾಡು, ಚಿಲಕ, ಗಾಳಿ, ಬಿಸಿಲು.

ಮಾವ ತೊರ್ಲೈಫ್ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದರು. ಎಂಬತ್ಮೂರು ವರ್ಷ, ಬಡಗಿ. ಆ ಬೆಟ್ಟದ ಮನೆಯನ್ನು ಮೊದಲ ತೊಲೆಯಿಂದ ಹಿಡಿದು ತಾವೇ ಕಟ್ಟಿದವರು. ಅಲ್ಲಿಗೆ ಹೋಗದೆ ಕಳೆದ ಮೊದಲ ಈಸ್ಟರ್ ಇದು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಊಟ ಸಲೀಸಾಗಿ ನಡೆಯಿತು. ಮುದುಕ ಕೇಳಿದ್ದಕ್ಕೆಲ್ಲ ಹಾಲ್ವರನ ಬಳಿ ಉತ್ತರವಿತ್ತು. ಮಾಡಿನ ಮಾತು ಬಂತು, ಹೇಳಿದ. ಚಿಲಕದ ಮಾತು ಬಂತು, ತಂತಿ ಕಟ್ಟಿದ್ದು ತಿರಿಲ್ ಎಂದು ಮಗಳಿಗೆ ಸಲ್ಲಬೇಕಾದ ಹೊಗಳಿಕೆಯನ್ನೂ ಸಲ್ಲಿಸಿದ. ಹೇಳುತ್ತಾ ಹೇಳುತ್ತಾ ಸೌದೆಕೊಟ್ಟಿಗೆಯ ಕತ್ತಲು, ಬಾಗಿಲ ಬುಡದಲ್ಲಿ ಗಟ್ಟಿಯಾದ ಹಿಮ ಕಣ್ಣಿಗೆ ಬಂದವು. ತಾನು ನಿಜಕ್ಕೂ ಹೋಗಿದ್ದೆನೇನೋ ಎಂದು ಒಂದು ಗಳಿಗೆ ಅನ್ನಿಸಿತು. ಇಪ್ಪತ್ತೆರಡು ವರ್ಷ ಹೋದಾಗಲೂ ಹೋಗಿದ್ದು ಹೀಗೆಯೇ ಇರಬಹುದು, ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹಾಗೆ.

ಮಾರಿತ್ ಮತ್ತು ತಿರಿಲ್ ಕಾಫಿ ತರಲು ಎದ್ದರು.

ಅವರು ದೂರ ಹೋಗುವವರೆಗೂ ಮುದುಕ ನೋಡುತ್ತಿದ್ದರು. ಆಮೇಲೆ, “ಹತ್ರ ಬಾ,” ಎಂದರು.

ಹಾಲ್ವರ್ ಕುರ್ಚಿ ಎಳೆದುಕೊಂಡ.

“ಶುಕ್ರವಾರ ಮೋಡ ಇತ್ತೇನಯ್ಯ?”

“ಇಲ್ಲ ಮಾವ. ಒಳ್ಳೇ ಬಿಸಿಲು.”

“ಹೂಂ.” ಅವರು ಮೇಜಿನಾಚೆಯಿಂದ ಕೈ ಚಾಚಿದರು. ಒರಟು ಹೆಬ್ಬೆರಳು ಅವನ ಕಣ್ಣಿನ ಸುತ್ತ, ಕೆನ್ನೆಯ ಮೂಳೆಯ ಮೇಲೆ, ಕಿವಿಯವರೆಗೆ ಮೆಲ್ಲಗೆ ಹೋಯಿತು. ಮರಕ್ಕೆ ಕೀಸುಳಿ ಹೊಡೆದ ಮೇಲೆ ನುಣುಪು ನೋಡುವವರು ಹಾಗೆ ಸವರುತ್ತಾರೆ. “ಕಣ್ಣು ಮುಚ್ಚು.”

ಹಾಲ್ವರ್ ಮುಚ್ಚಿದ. ಬೆರಳು ಒಂದು ರೆಪ್ಪೆಯ ಮೇಲೆ ನಿಂತಿತು, ಆಮೇಲೆ ಇನ್ನೊಂದರ ಮೇಲೆ.

ಕಣ್ಣು ತೆರೆದಾಗ ಮುದುಕ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಕಪ್ಪು ಕನ್ನಡಕ ಮರೆತಿದ್ದೆಯಾ?”

“ಹೌದು ಮಾವ. ಈ ಸಲ ಮರೆತುಹೋಯ್ತು.”

“ಹಿಮದ ಮೇಲೆ ಒಂದು ದಿನ ಕನ್ನಡಕ ಇಲ್ದೆ ಓಡಾಡಿದ್ರೆ ಕಣ್ಣು ಕಿತ್ತಿಡೋ ಹಾಗೆ ಉರಿಯುತ್ತೆ,” ಎಂದರು. ಬೈಗುಳದ ದನಿಯಲ್ಲ, ಅಳತೆ ಹೇಳುವ ದನಿ.

ಆಗಲೇ ಮಾರಿತ್ ತಟ್ಟೆ ಹಿಡಿದು ಬರುತ್ತಿದ್ದಳು. ದೂರದಿಂದ ನೋಡಿದಾಗ ಹಾಲ್ವರನಿಗೆ ಕಂಡಿತು. ಅವಳ ಮುಖ ಕಂದಿತ್ತು, ಮೂಗು ಸುಲಿದಿತ್ತು. ಕಣ್ಣಿನ ಸುತ್ತ ಮಾತ್ರ, ಕನ್ನಡಕ ಮುಚ್ಚಿದ್ದ ಕಡೆ, ಗೂಬೆಯ ಹಾಗೆ ಎರಡು ದೊಡ್ಡ ಬಿಳಿ ವೃತ್ತ, ಅಲ್ಲಿಂದ ಕಿವಿಯವರೆಗೆ ಒಂದೊಂದು ಬಿಳಿ ಗೆರೆ. ಹಿಂದೆ ಬರುತ್ತಿದ್ದ ತಿರಿಲ್‌ಗೂ ಹಾಗೆಯೇ. ಅವನ ಮುಖದಲ್ಲೂ ಇಪ್ಪತ್ತೆರಡು ಈಸ್ಟರ್ ಅದು ಇರುತ್ತಿತ್ತು. ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಇದೆ ಎಂಬುದೇ ಮರೆತುಹೋಗಿತ್ತು.

ಹೊರಡುವಾಗ ಮುದುಕ ತಮ್ಮ ಕೋಣೆಯ ಮೇಜಿನ ಖಾನೆಯಿಂದ ಒಂದು ಹಳೆಯ ಡಬ್ಬಿ ತೆಗೆದು ಅವನ ಕೈಗಿಟ್ಟರು. ಅವರ ಬೆಟ್ಟದ ಕನ್ನಡಕ: ದುಂಡನೆಯ ಕಪ್ಪು ಗಾಜು, ಪಕ್ಕಗಳಲ್ಲಿ ಬಿಸಿಲು ನುಸುಳದಂತೆ ತೊಗಲಿನ ಮರೆ.

“ನಾಳೆ ಹಾಕ್ಕೊ. ಸೋಮವಾರ ಇಳಿದು ಬರ್ತೀರಲ್ಲ, ಬಂದು ಮುಖ ತೋರ್ಸು,” ಎಂದರು. “ನಾನು ನೋಡ್ತೀನಿ.”

*

ಮುದುಕ ಕಿಟಕಿಯಲ್ಲಿ ನಿಂತಿದ್ದರಿಂದ ಮೂವರೂ ಕಾರು ಹತ್ತಬೇಕಾಯಿತು. ಮಾರಿತ್ ಚಾಲಕಿಯ ಸೀಟಿನಲ್ಲಿ. ಹಾಲ್ವರ್ ಹಿಂದೆ, ಕಿತ್ತಳೆ ಹಣ್ಣಿನ ಚೀಲ ಮತ್ತು ಕಂಬಳಿಗಳ ನಡುವೆ. ಮೂವರೂ ಕೈ ಬೀಸಿದರು. ಮುದುಕ ಬೀಸಲಿಲ್ಲ, ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು.

“ಏನಂದ್ರು ಅಪ್ಪ?” ಎಂದಳು ಮಾರಿತ್.

“ಏನಿಲ್ಲ. ಕನ್ನಡಕ ಕೊಟ್ರು.”

“ಗೊತ್ತಾಯ್ತಾ ಅವರಿಗೆ?”

“ಗೊತ್ತಿಲ್ಲ.”

ಗೊತ್ತಾಗಿಲ್ಲ ಎಂದನೋ, ತನಗೆ ಗೊತ್ತಿಲ್ಲ ಎಂದನೋ, ಅವಳು ಕೇಳಲಿಲ್ಲ. ತಿರುವು ದಾಟಿ, ಆ ಕಿಟಕಿಗೆ ಕಾಣದ ಬಸ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿದಳು. ಮೊದಲೇ ಮಾತಾದ ಜಾಗ ಅದು. ಎಂಜಿನ್ ಆರಿಸಲಿಲ್ಲ. ಹಾಲ್ವರ್ ಇಳಿದ.

ತಿರಿಲ್ ಕಿಟಕಿ ಇಳಿಸಿ ಅವನಿಗೊಂದು ಕಿತ್ತಳೆ ಕೊಟ್ಟಳು. “ಅಪ್ಪ, ನೀನು ಕಣ್ಣು ಮಿಟುಕಿಸಿದಾಗೆಲ್ಲ ರೆಪ್ಪೆ ಮೇಲೆ ಎರಡು ಬಿಳಿ ಬಿಲ್ಲೆ ಕಾಣ್ಸುತ್ತೆ. ಗೊತ್ತಾ ನಿಂಗೆ?”

ಅವನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ವಾರವಿಡೀ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದ, ಕಣ್ಣು ಬಿಟ್ಟುಕೊಂಡು.

ಕಾರು ಬೆಟ್ಟದ ದಾರಿ ಹಿಡಿಯಿತು.

*

ಗುನ್ವೋರ್ ನೆಲ ಒರೆಸಲು ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು.

“ಇನ್ನೊಂದು ಸಲ. ಮುಖಕ್ಕೆ ಮಾತ್ರ,” ಎಂದ ಹಾಲ್ವರ್.

ಬೆಳಗ್ಗೆ ತಾನೇ ಆಗಿದೆ, ನಡುವೆ ಎರಡು ದಿನ ಬಿಡಬೇಕು, ಇವತ್ತೇ ಮತ್ತೆ ಮಲಗಿದರೆ ಚರ್ಮ ಎದ್ದು ಬರುತ್ತದೆ ಎಂದಳು. ಅವನು ಡಬ್ಬಿ ತೆರೆದು ಕನ್ನಡಕ ತೋರಿಸಿದ. ಇದನ್ನು ಹಾಕಿಕೊಂಡು ಮಲಗುತ್ತೇನೆ ಎಂದ. ಅವಳು ಕನ್ನಡಕ ನೋಡಿದಳು, ಅವನ ಮುಖ ನೋಡಿದಳು. ಅವನು ಅವಳಿಗೆ ಇನ್ನೇನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

“ಆಗಲ್ಲ ಮೇಷ್ಟ್ರೇ. ಸುತ್ತ ಇನ್ನೂ ಕಪ್ಪಾಗ್ಬಹುದು. ಒಳಗೆ ಬಿಳಿ ಆಗಲ್ಲ. ಹಚ್ಚೋಕೆ ಹತ್ತು ಥರ ಲೋಶನ್ ಇಟ್ಟಿದೀನಿ. ತೆಗೆಯೋಕೆ ಒಂದೂ ಇಲ್ಲ.”

“ರೆಪ್ಪೆ ಮೇಲೆ ಬಿಲ್ಲೆ ಬಂದಿದೆಯಂತೆ.”

“ದೀಪಕ್ಕೆ ಅಡ್ಡವಾಗಿ ರೆಪ್ಪೆ ಮೇಲೆ ಆ ಪುಟ್ಟ ಬಟ್ಟಲು ಇಟ್ಕೊಳ್ದೆ ಮಲಗಿದ್ರೆ ಕಣ್ಣು ಹೋಗುತ್ತೆ. ಆ ಬಿಲ್ಲೆ ಇಲ್ಲಿಗೆ ಬರೋರಿಗೆಲ್ಲ ಇರುತ್ತೆ.” ಅವಳು ಬಟ್ಟೆ ಹಿಂಡಿದಳು. “ಯಾರೂ ಕಣ್ಣು ಮುಚ್ಚಿ ತೋರ್ಸಲ್ಲ, ಅಷ್ಟೇ.”

“ಹೋಗೋಕೆ ಎಷ್ಟು ದಿನ ಬೇಕು?”

“ತಿಂಗಳು. ತಾನಾಗೇ ಹೋಗುತ್ತೆ. ಹೋಗಿ ಊಟ ಮಾಡಿ ಮಲಗಿ.”

ಸೋಮವಾರಕ್ಕೆ ಎರಡೇ ದಿನವಿತ್ತು. ಹೋಗದಿದ್ದರೆ ಮುದುಕ ಕಾಯುತ್ತಾರೆ. ಹೋದರೆ ನೋಡುತ್ತಾರೆ. ಈಗಾಗಲೇ ನೋಡಿದ್ದಾರೋ ಏನೋ. ಎಲ್ಲ ತಿಳಿದೇ, ಅಳಿಯನಿಗೆ ಇನ್ನೊಂದು ಅವಕಾಶ ಇರಲಿ ಎಂದು ಕನ್ನಡಕ ಕೊಟ್ಟರೋ ಏನೋ. ಯಾವುದು ಹೆಚ್ಚು ಕಷ್ಟ ಎಂದು ಹಾಲ್ವರನಿಗೆ ತೀರ್ಮಾನಿಸಲಾಗಲಿಲ್ಲ.

“ಹತ್ತು ನಿಮಿಷ ಸುಮ್ನೆ ಮಲಗಿರ್ಲಾ? ದೀಪ ಹಾಕ್ಬೇಡಿ.”

ಗುನ್ವೋರ್ ಗಡಿಯಾರ ನೋಡಿದಳು. ಮೂರನೇ ಕೋಣೆ ಇನ್ನೂ ಒರೆಸಿಲ್ಲ, ಅಲ್ಲಿಗೆ ಹೋಗಿ ಎಂದಳು.

ಅವನು ಬೂಟು ಕಳಚಿ ಕೋಟಿನಲ್ಲೇ ಮಲಗಿದ. ಬೆಳಗ್ಗೆ ಬಿಸಿಯಿದ್ದ ಗಾಜು ಈಗ ತಣ್ಣಗಿತ್ತು. ಕಿತ್ತಳೆ ಜೇಬಿನೊಳಗಿಂದ ಪಕ್ಕೆಗೆ ಒತ್ತುತ್ತಿತ್ತು. ಮಾವನ ಕನ್ನಡಕ ಹಾಕಿಕೊಂಡ, ತೊಗಲಿನ ಮರೆಗಳನ್ನು ಕೆನ್ನೆಗೆ ಸರಿಯಾಗಿ ಕೂರಿಸಿದ. ತೊಗಲಿನಲ್ಲಿ ಬೆವರಿನ ವಾಸನೆ, ಹಿಮದ ಮೇಲೆ ಜಾರುವ ಹಲಗೆಗೆ ಹಚ್ಚುವ ಮೇಣದ ವಾಸನೆ ಇನ್ನೂ ಇತ್ತು.

ಮೇಲಿನ ಮುಚ್ಚಳವನ್ನು ತಾನೇ ಕೈಯಾರೆ ಎಳೆದುಕೊಂಡ. ಕಪ್ಪು ಗಾಜಿನೊಳಗಿಂದ ಉದ್ದುದ್ದ ದೀಪಗಳು ಒಂದರ ಪಕ್ಕ ಒಂದು, ಜೋಡಿಸಿಟ್ಟ ಎಲುಬುಗಳಂತೆ ಮಸುಕಾಗಿ ಕಂಡವು.

ಹೊರಗೆ ಗುನ್ವೋರಳ ಒರೆಸುವ ಬಟ್ಟೆ ಬಾಗಿಲವರೆಗೆ ಬಂತು. ನಿಂತಿತು.

“ಮೇಷ್ಟ್ರೇ, ಮಗ್ಗುಲು ಬದಲಾಯ್ಸಿ,” ಎಂದಳು.

ಅವನು ಗದ್ದ ಮೇಲೆತ್ತಿ, ಅಲ್ಲಾಡದೆ, ಕಣ್ಣು ಮುಚ್ಚಿದ.