ಗೋಡೆಯಾಚೆಯ ಕಾವು

ಯಗಟಿಯ ಮಾರಮ್ಮನಿಗೆ ತವರಿನಿಂದ ಬಂದದ್ದರಲ್ಲಿ ಉಳಿದದ್ದು ಕೋಳಿಯ ತಳಿ ಮಾತ್ರ. ಒಡವೆಯೆಲ್ಲ ಗಂಡ ರಂಗಯ್ಯನ ಕುರಿ ವ್ಯಾಪಾರಕ್ಕೆ ಹೋಯಿತು. ಮಕ್ಕಳಾಗಲಿಲ್ಲವೆಂದು ಅಂಬಮ್ಮನನ್ನು ಕಟ್ಟಿಕೊಂಡ ಮೇಲೆ ಅವನೂ ಪಕ್ಕದ ಮನೆಗೆ ಹೋದ. ಹಿತ್ತಿಲ ನಡುವೆ ಗೋಡೆ ಎಬ್ಬಿಸಬೇಕೆಂದು ಹಠ ಹಿಡಿದವಳು ಮಾರಮ್ಮನೇ. ಗೋಡೆಯೇನೋ ಎದ್ದಿತು. ಆದರೆ ಸಂಜೆಯಾದರೆ ಟ್ರಾನ್ಸಿಸ್ಟರಿನ ಹಾಡು, ಹುರಿದ ಮೆಣಸಿನಕಾಯಿಯ ಘಾಟು, ಸವತಿಯ ನಗು ಎಲ್ಲ ಈಚೆಗೆ ಬರುತ್ತಿದ್ದವು.

ಊರ ಕೋಳಿಗಳಿಗೆಲ್ಲ ರೋಗ ಬಂದ ವರ್ಷ ತವರಿನ ತಳಿಯಲ್ಲಿ ಉಳಿದುಕೊಂಡದ್ದು ಒಂದು ಕೆಂಪು ಹೇಂಟೆ. ಈಗ ಅದೂ ಆಚೆಗೆ ಹಾರತೊಡಗಿತ್ತು. ದಿನಕ್ಕೊಮ್ಮೆ ಈಚೆಗೆ ಬಂದು, ಪುಕ್ಕ ಕೆದರಿಕೊಂಡು, ಗಬಗಬ ರಾಗಿ ತಿಂದು ಮತ್ತೆ ಗೋಡೆ ಹತ್ತುತ್ತಿತ್ತು. ಹಾಗೆ ಅವಸರ ಮಾಡುವ ಹೇಂಟೆ ಎಲ್ಲೋ ಕಾವಿಗೆ ಕೂತಿರುತ್ತದೆಂಬುದು ಮಾರಮ್ಮನಿಗೆ ತಿಳಿಯದ್ದೇನಲ್ಲ. ಆದರೆ ಅವಳ ಕಣ್ಣಿಗೆ ಬಿದ್ದದ್ದು ಬೇರೆ: ಉಣ್ಣುವುದಕ್ಕೆ ಈ ಮನೆ, ಇರುವುದಕ್ಕೆ ಆ ಮನೆ. ರಂಗಯ್ಯನೂ ಮೊದಮೊದಲು ಹೀಗೇ ಮಾಡಿದ್ದ.

ಒಂದು ಬೆಳಗ್ಗೆ ಹೇಂಟೆಯನ್ನು ಹಿಡಿದು ಮಂಡಿಗಳ ನಡುವೆ ಅದುಮಿಕೊಂಡು, ಕುರಿಯ ತುಪ್ಪಟ ತೆಗೆಯುವ ಕತ್ತರಿಯಿಂದ ಒಂದು ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದಳು. ಎರಡನ್ನೂ ಕತ್ತರಿಸಿದರೆ ಕೋಳಿ ಹೇಗೋ ಹಾರಿಬಿಡುತ್ತದೆ, ಒಂದನ್ನೇ ಕತ್ತರಿಸಿದರೆ ವಾಲಿ ಬೀಳುತ್ತದೆ ಎಂದು ಅವಳವ್ವ ಕಲಿಸಿದ್ದಳು. ಬಿಟ್ಟ ಕೂಡಲೇ ಹೇಂಟೆ ಗೋಡೆಗೆ ಹಾರಿತು, ವಾಲಿ ಬಿತ್ತು. ಮತ್ತೆ ಹಾರಿತು, ಮತ್ತೆ ಬಿತ್ತು. ಮಾರಮ್ಮ ಕಲ್ಲಿನ ಮೇಲೆ ಕೂತು, ಎಷ್ಟೋ ದಿನದ ಮೇಲೆ ಹಾಯಾಗಿ ಎಲೆಯಡಿಕೆ ಹಾಕಿಕೊಂಡಳು.

ಬಿಸಿಲೇರುವ ಮೊದಲೇ ಅಂಬಮ್ಮ ಬೀದಿ ಬಳಸಿ ಬಂದಳು. ಮಡಿಲ ತುಂಬ ಮೊಟ್ಟೆ.

“ಅಕ್ಕಾ, ನಿನ್ ಹೇಂಟೆ ಬರ್ಲಿಲ್ಲ. ಇವು ತಣ್ಗಾಯ್ತಾ ಅವೆ. ಒಳ್ಗೆ ಮರಿ ಮಿಸುಕ್ತಾ ಐತೆ.”

“ನಿನ್ ಹೇಂಟೆ ಅಂದ್ಯಲ್ಲ, ಅಷ್ಟಾದ್ರೂ ನೆಪ್ಪೈತೆ,” ಅಂದಳು ಮಾರಮ್ಮ.

ಗೋಡೆಯ ಬುಡದಲ್ಲಿದ್ದ ಗರಿಗಳನ್ನು ಅಂಬಮ್ಮ ನೋಡಿದಳು. ಮಾರಮ್ಮ ಮಂಕರಿ ಬುಟ್ಟಿಗೆ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಹೇಂಟೆಯನ್ನು ಕೂರಿಸಿದಳು. ಹೊಸ ಜಾಗ ಅದಕ್ಕೆ ಒಗ್ಗಲಿಲ್ಲ. ಎದ್ದು ಹೋಗಿ ಗೋಡೆಗೇ ಹಾರಿ ಬಿತ್ತು.

“ಅದು ನನ್ ಪುಟ್ಟೀಲೇ ಕೂರೋದು, ಅಕ್ಕಾ,” ಅಂದಳು ಅಂಬಮ್ಮ ಮೆಲ್ಲಗೆ.

ಮಾರಮ್ಮ ಒಂದು ಮೊಟ್ಟೆಯನ್ನು ಎತ್ತಿ ಕಿವಿಗೆ ಹಿಡಿದಳು. ಒಳಗೆ ಟಕ್ಕೆಂದಿತು. ಅವ್ವನ ಮನೆಯ ತಳಿ, ಇನ್ನೂ ಬದುಕಿತ್ತು.

ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಎಂದೂ ಕಾಲಿಡದ ಆ ಮನೆಗೆ ನಡೆದಳು. ಮೊಟ್ಟೆಗಳನ್ನು ಹೊತ್ತು ಅಂಬಮ್ಮ ಹಿಂದೆ ಬಂದಳು. ತನ್ನ ಹಳೆಯ ಬುಟ್ಟಿ ಸಿಕ್ಕಿದ್ದೇ ಹೇಂಟೆ ಮೊಟ್ಟೆಗಳನ್ನು ಎದೆಯಡಿಗೆ ಎಳೆದುಕೊಂಡು ಕೂತಿತು. ಪಕ್ಕದಲ್ಲೇ ಮಾರಮ್ಮನೂ ಕೂತಳು. ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಕ್ಕ ಎಂದು ಅಂಬಮ್ಮ ಎಷ್ಟು ಹೇಳಿದರೂ ಏಳಲಿಲ್ಲ.

ಸಂಜೆ ಬಂದ ರಂಗಯ್ಯ ಹೊಸಿಲಲ್ಲೇ ನಿಂತ. “ಏನ್ಲೇ ಇದು?” ಎಂದ. ಇಬ್ಬರಲ್ಲಿ ಯಾರನ್ನು ಕೇಳಿದನೋ.

“ಕೋಳಿ ನಂದು,” ಅಂದಳು ಮಾರಮ್ಮ. “ಮರಿ ಆಗೋಗಂಟ ನಾನಿಲ್ಲಿಂದ ಏಳಾಕಿಲ್ಲ.”

ಅವನು ಬಗ್ಗಿ ನೋಡುವ ಮೊದಲೇ, ಮೊಂಡಾದ ರೆಕ್ಕೆಯ ಮೇಲೆ ಸೆರಗು ಎಳೆದಳು.