ಸ್ಟಾರ್ಟರಿನೊಳಗಿನ ಬೆಳ್ಳಿ

ಹೊನ್ನೂರುಸ್ವಾಮಿ ಯಶವಂತನಗರದ ಅದಿರು ಗಣಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಆ ವರ್ಷ ಕ್ರಷರಿನ ಹಳೇ ಸ್ಟಾರ್ಟರುಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದರು. ಮೋಟಾರಿಗೆ ಕರೆಂಟು ಕೊಡುವಾಗ ಒಂದಕ್ಕೊಂದು ಕೂಡಿ, ಕಡಿಯುವಾಗ ಬೇರೆಯಾಗುವ ಪುಟ್ಟ ಪಾಯಿಂಟುಗಳು ಅವುಗಳ ಒಳಗಿರುತ್ತವೆ. ಕಿಡಿ ಹಾರಿ ಹಾರಿ ಕಪ್ಪಾಗಿದ್ದರೂ ಅವು ಬೆಳ್ಳಿಯವು. ಗುಜರಿಗೆ ಹೋಗುವ ಮೊದಲು ಫೋರ್‌ಮನ್ನನ್ನು ಕೇಳಿ ಅವನ್ನು ಬಿಡಿಸಿಕೊಂಡ. ಜೊತೆಗಾರ ಸಿದ್ದಲಿಂಗೇಶನೂ ಒಂದಿಷ್ಟು ಇಟ್ಟುಕೊಂಡ.

ಮನೆಗೆ ಬಂದವನೇ ಹೆಂಡತಿ ರೇಣುಕಮ್ಮನ ಉಡಿಗೆ ಅವನ್ನು ಸುರಿದ.

"ಕರಗ್ಸಿ ಗಟ್ಟಿ ಮಾಡಿ ಕೊಟ್ರ ಸಂಡೂರಿನ ಆಚಾರಿ ಕೂಸಿಗೆ ಕಾಲ್ಗೆಜ್ಜಿ ಮಾಡಿ ಕೊಡ್ತಾನ."

"ಇನ್ನಾ ಅಂಬೆಗಾಲು ಇಡಾಕತ್ತೈತಿ, ಈಗ್ಲೇ ಯಾಕ್ರಿ?"

"ನಡಿಯಾಕ ಕಲಿಯೋದ್ರೊಳಗ ಇರ್ಬೇಕು."

ಭಾನುವಾರ ಗಾಳಿ ಜೋರಿತ್ತು. ಉರಿ ಅಲ್ಲಾಡಬಾರದೆಂದು ಅಡುಗೆಮನೆಯ ಕಿಟಕಿ ಮುಚ್ಚಿ, ಗಣಿಯಿಂದ ತಂದ ಗ್ಯಾಸ್ ಟಾರ್ಚು ಹಚ್ಚಿದ. ಕೂಸು ಅಲ್ಲೇ ಆಡುತ್ತಿತ್ತು. "ಸುಟ್ಟುಗೊಂಡೀತು, ಹೊರಗ ಕರ್ಕೊಂಡು ಹೋಗು" ಎಂದು ಬಾಗಿಲೆಳೆದುಕೊಂಡ. ಬಾಗಿಲ ಸಂದಿಯಿಂದ ಕಂದು ಹೊಗೆ ಬಂತು. ಕೊನೆಗೆ ಬೆಳ್ಳಿಯ ಗಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಾ ಹೊರಬಂದ.

ಸಂಜೆ ಚಳಿ ಹಿಡಿಯಿತು. ಜ್ವರವೆಂದುಕೊಂಡರು. ಮಾತ್ರೆ ನುಂಗಿ ಮಲಗಿದ. ಮರುದಿನ ಮೆಟ್ಟಿಲು ಹತ್ತಲೂ ಉಸಿರು ಸಾಲಲಿಲ್ಲ. ಹೊಸಪೇಟೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಗಣಿಯ ಎಂಜಿನಿಯರಿಗೆ ಫೋನು ಮಾಡಿದರು. ಆಮೇಲೆ ರೇಣುಕಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಅದು ಬರೀ ಬೆಳ್ಳಿ ಅಲ್ಲಮ್ಮ. ಕಿಡಿಗೆ ಪಾಯಿಂಟು ಅಂಟಿಕೊಳ್ಳಬಾರದು ಅಂತ ಹಳೇ ಸ್ಟಾರ್ಟರುಗಳಲ್ಲಿ ಕ್ಯಾಡ್ಮಿಯಂ ಅನ್ನೋ ಲೋಹ ಬೆರೆಸ್ತಿದ್ರಂತೆ. ಅದರ ಹೊಗೆ ಶ್ವಾಸಕೋಶವನ್ನ ಸುಟ್ಟಿದೆ."

"ಔಷಧ ಐತೇನ್ರಿ?"

ಡಾಕ್ಟರಮ್ಮ "ಉಸಿರಾಟಕ್ಕೆ ಆಸರೆ ಕೊಡ್ತಿದೀವಿ" ಎಂದಷ್ಟೇ ಹೇಳಿದರು.

ಆ ಮಾತು ಕಿವಿಗೆ ಬಿದ್ದ ಹೊನ್ನೂರುಸ್ವಾಮಿ ಆಕ್ಸಿಜನ್ ಮಾಸ್ಕನ್ನು ಸರಿಸಿ ಹೆಂಡತಿಯನ್ನು ಕೇಳಿದ, "ಕೂಸು ಆ ಹೊಗಿ ಕುಡೀತೇನು?"

"ಇಲ್ಲ. ನೀವ ನಮ್ಮನ್ನ ಹೊರಗ ಕಳಿಸಿದ್ರಲ್ಲ."

"ಹಂಗಾದ್ರ ಆತು ಬಿಡು" ಎಂದು ಕಣ್ಣು ಮುಚ್ಚಿದ. ಮತ್ತೆ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೂ ರೇಣುಕಮ್ಮ ಅಳಲಿಲ್ಲ. ಬಂದವರೆಲ್ಲ ಅಳು ಅಂದರು, ಅಳು ಬರಲಿಲ್ಲ. ಸಿದ್ದಲಿಂಗೇಶ ಮಾತಾಡಿಸಲು ಬಂದಾಗ ಅವಳು ಒಂದೇ ಮಾತು ಕೇಳಿದಳು.

"ನಿಮ್ಮ ಪಾಯಿಂಟು ಎಲ್ಲದಾವಣ್ಣ?"

"ಮನ್ಯಾಗ ಅದಾವಮ್ಮ. ದೇವ್ರಿಗೆ ದೀಪ ಮಾಡ್ಸೋಣಂತ..."

ಅವನ ಮಾತು ಮುಗಿಯಲು ಬಿಡಲಿಲ್ಲ. ಕೂಸನ್ನು ಅತ್ತೆ ಮುದುಕಮ್ಮನ ಕೈಗೆ ಕೊಟ್ಟು, ಅವನ ಹಿಂದೆಯೇ ನಡೆದು ಹೋಗಿ, ಪಾಯಿಂಟುಗಳ ಡಬ್ಬಿ ತರಿಸಿಕೊಂಡಳು. ಅದನ್ನೂ ಗಂಡನ ಗಟ್ಟಿಯನ್ನೂ ಗಣಿಯ ಎಂಜಿನಿಯರ್ ಮೇಜಿನ ಮೇಲಿಟ್ಟಳು.

"ಇವನ್ನ ಯಾರೂ ಕಾಸಬಾರ್ದಂತ ಎಲ್ಲಾರಿಗೂ ಹೇಳ್ರಿ ಸಾಹೇಬ್ರ. ನಮ್ಮ ಮನಿಯವ್ರಿಗೆ ಯಾರೂ ಹೇಳಿರ್ಲಿಲ್ಲ."

ಎಂಜಿನಿಯರ್ ಎದ್ದು ನಿಂತ. ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ವಾಪಸು ಬರುವಾಗ ದಾರಿಯಲ್ಲೇ ಎದೆಹಾಲು ಸೋರಿ ಕುಪ್ಪಸ ತೊಯ್ದಿತು. ರೇಣುಕಮ್ಮ ಅದಿರು ಲಾರಿಗಳ ಕೆಂಪು ಧೂಳಿನಲ್ಲಿ, ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತಳು. ಆಗ ಬಂತು ಅಳು. ಮನೆಯಲ್ಲಿ ಕೂಸು ಹಸಿದಿರುತ್ತದೆ ಎಂಬುದು ನೆನಪಾಗುವವರೆಗೂ ಅತ್ತಳು.